ನಿಯಮ ಮೀರುವ ಎಲೆಗಳು

ಇಸ್ಪೀಟಿನ ಇಪ್ಪತ್ತೆಂಟು ಆಟದಲ್ಲಿ ರಾಜನಿಗಿಂತ ಗುಲಾಮ ದೊಡ್ಡವನು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಸೊನ್ನೆ. ಹೀಗೆ ಒಂದು ಬಣ್ಣಕ್ಕೆ ಏಳು ಅಂಕ, ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ಆಟದ ಹೆಸರಿನ ಗುಟ್ಟೂ ಇದೇ. ಕೇರಳದಿಂದ ಹಿಡಿದು ನಮ್ಮ ಉತ್ತರ ಕನ್ನಡದವರೆಗೆ ಈ ಆಟ ಗೊತ್ತಿರುವವರು ಬಹಳ. ಬೇರೆ ಆಟ ಆಡಿ ಬಂದ ಹೊಸಬ ಇಲ್ಲಿ ಕೂತರೆ ಅವನ ಮೊದಲ ತಕರಾರು ಒಂದೇ: ರಾಜನನ್ನು ಗುಲಾಮ ಹೊಡೆಯುವುದು ಯಾವ ನ್ಯಾಯ? ಉಳಿದ ಮೂವರು ನಗುತ್ತಾರೆ. ಇದು ಈ ಆಟದ ನ್ಯಾಯ, ಒಪ್ಪಿದರೆ ಎಲೆ ಹಿಡಿ, ಒಪ್ಪದಿದ್ದರೆ ಚಹಾ ಕುಡಿದು ಎದ್ದು ಹೋಗು ಎನ್ನುತ್ತಾರೆ.

ನಮ್ಮ ಹಿರಿಯರ ಮನೆಗಳಲ್ಲಿ ತಾಶ್ ಎಂಬ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದರು. ಎಲೆ ಎಂದರೆ ಪಣ, ಪಣ ಎಂದರೆ ಮನೆ ಮುರಿಯುವ ಕೆಲಸ ಎಂಬುದು ಅವರ ಲೋಕಾನುಭವ. ಜೂಜಿನ ಬಗ್ಗೆ ನನಗೂ ಎರಡು ಮಾತಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಪಣದ ಮಾತನ್ನಲ್ಲ, ನಿಯಮದ ಮಾತನ್ನು. ಎಲ್ಲರಿಗೂ ಅನ್ವಯಿಸುವ ನಿಯಮವೊಂದಿದೆ. ಅದನ್ನು ಮೀರುವ ಹಕ್ಕು ಒಂದು ಎಲೆಗೆ ಸಿಗುತ್ತದೆ. ಆಗ ನಿಯಮ ಸತ್ತಿತೇ, ಉಳಿಯಿತೇ? ಯಾವ ವಿನಾಯಿತಿ ನ್ಯಾಯ, ಯಾವುದು ಅನ್ಯಾಯ? ಮಕ್ಕಳ ಆಟದಲ್ಲಿ ಸಣ್ಣದಾಗಿ ಕಾಣುವ ಈ ಪ್ರಶ್ನೆ ದೊಡ್ಡವರ ಕಚೇರಿಯಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಮೊದಲು ಗುಲಾಮನ ವಿಷಯ ಮುಗಿಸೋಣ. ಇಪ್ಪತ್ತೆಂಟರಲ್ಲಿ ಗುಲಾಮನಿಗೆ ಸಿಕ್ಕಿರುವುದು ವಿನಾಯಿತಿಯಲ್ಲ. ನಾಲ್ವರೂ ಕೂರುವ ಮುನ್ನವೇ ಒಪ್ಪಿಕೊಂಡ ಕ್ರಮ ಅದು. ನಾಲ್ಕು ಗುಲಾಮರಲ್ಲಿ ಯಾರು ಯಾರ ಕೈಗೆ ಬೇಕಾದರೂ ಬರಬಹುದು. ಲೋಕದ ಕ್ರಮವನ್ನು ಆಟ ತಲೆಕೆಳಗು ಮಾಡಿದೆ, ಆದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಮಾಡಿದೆ. ಚರಿತ್ರೆಯಲ್ಲೂ ಇದು ತೀರಾ ಅಪರೂಪವೇನಲ್ಲ. ಯುರೋಪಿಗೆ ಇಸ್ಪೀಟು ಹೋದದ್ದು ಮಮ್ಲೂಕರ ಈಜಿಪ್ಟಿನಿಂದ ಎಂದು ಈ ವಿಷಯ ಬಲ್ಲವರು ಹೇಳುತ್ತಾರೆ. ಮಮ್ಲೂಕರೆಂದರೆ ಗುಲಾಮರಾಗಿ ಬಂದು ಸೈನಿಕರಾಗಿ 1250ರಿಂದ 1517ರವರೆಗೆ ಸುಲ್ತಾನರಾಗಿ ಆಳಿದವರು. ಅವರ ಕಾಲದ ಎಲೆಗಳ ಕಟ್ಟೊಂದು ಇಸ್ತಾಂಬುಲ್ಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ಅದರಲ್ಲಿ ರಾಣಿ ಇಲ್ಲ. ಮಲಿಕ್, ಅವನ ಕೆಳಗೆ ನಾಯಬ್, ಅವನ ಕೆಳಗೆ ಎರಡನೆಯ ನಾಯಬ್. ಗುಲಾಮ ಅರಸನಾದ ನಾಡಿನ ಎಲೆಯಲ್ಲಿ ಅರಸನೇ ಮೇಲಿದ್ದ. ಅರಸ ಅರಸನಾಗಿಯೇ ಇದ್ದ ನಮ್ಮ ನಾಡಿನ ಆಟದಲ್ಲಿ ಗುಲಾಮ ಮೇಲೆ ಹೋದ.

ಇಸ್ಪೀಟಿಗಿಂತ ಹಳೆಯದಾಗಿ ನಮ್ಮಲ್ಲಿ ಬೇರೂರಿದ್ದು ಗಂಜೀಫಾ. ಬಾಬರ್ 1527ರಲ್ಲಿ ಸಿಂಧದ ಶಾ ಹುಸೇನನಿಗೆ ಗಂಜೀಫಾ ಕಳುಹಿಸಿದ ಉಲ್ಲೇಖ ಅವನ ಆತ್ಮಕಥೆಯಲ್ಲಿದೆ. ಕಾರವಾರಕ್ಕೆ ದೂರವಲ್ಲದ ಸಾವಂತವಾಡಿಯಲ್ಲಿ ಇದರ ಕುಶಲಕಲೆ ಇನ್ನೂ ಉಳಿದಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾವನ್ನು ಎಷ್ಟು ಬೆಳೆಸಿದರೆಂದರೆ ಅವರು ರೂಪಿಸಿದ ಒಂದು ಆಟಕ್ಕೆ 360 ಎಲೆ. ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ 96 ಎಲೆ. ಪ್ರತಿ ಬಣ್ಣಕ್ಕೂ ಒಬ್ಬ ಬಾದಶಹ, ಒಬ್ಬ ವಜೀರ. ಉಳಿದ ಹತ್ತು ಎಲೆಗಳಲ್ಲೇ ತಮಾಷೆ ಇರುವುದು. ನಾಲ್ಕು ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಇನ್ನು ನಾಲ್ಕರಲ್ಲಿ ಒಂದು ದೊಡ್ಡದು, ಹತ್ತು ಸಣ್ಣದು. ಸಾಲದ್ದಕ್ಕೆ ಹಗಲು ಆಡಿದರೆ ಸೂರ್ಯನ ಬಣ್ಣದ ಬಾದಶಹನನ್ನು ಹಿಡಿದವನು ಆಟ ಶುರುಮಾಡಬೇಕು, ರಾತ್ರಿ ಆಡಿದರೆ ಚಂದ್ರನ ಬಣ್ಣದವನು. ಅದೇ ಎಲೆ, ಆದರೆ ಹೊತ್ತು ಮುಳುಗಿದರೆ ಯಜಮಾನಿಕೆ ಬದಲಾಗುತ್ತದೆ.

ಗಂಜೀಫಾ ಕಾಣದ ಮಕ್ಕಳಿಗೂ ಈ ತಲೆಕೆಳಗಿನ ಲೆಕ್ಕ ಗೊತ್ತು. ತೊಂಬತ್ತರ ದಶಕದಲ್ಲಿ ಕದ್ರಾದಲ್ಲಿ ಕಾಳಿ ನದಿಗೆ ಅಣೆಕಟ್ಟೆ ಏಳುತ್ತಿದ್ದ ಹೊತ್ತಿಗೆ ನಮ್ಮ ಊರುಗಳ ಗೂಡಂಗಡಿಗಳಿಗೂ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು ಬಂದವು. ಒಬ್ಬ ಪೈಲ್ವಾನನ ಚಿತ್ರ, ಅದರ ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು. ಎತ್ತರದಲ್ಲಿ, ತೂಕದಲ್ಲಿ ಹೆಚ್ಚು ಇದ್ದವನು ಗೆದ್ದ. ರ‍್ಯಾಂಕಿನಲ್ಲಿ ಮಾತ್ರ ಕಡಿಮೆ ಇದ್ದವನು ಗೆದ್ದ. ಐದು ವರ್ಷದ ಮಗು ಇದನ್ನು ಒಂದೇ ಸಲಕ್ಕೆ ಕಲಿಯುತ್ತದೆ. ಅಂದರೆ ನಿಯಮ ಜಟಿಲವಾಗುವುದು ಮನುಷ್ಯರಿಗೆ ಕಷ್ಟವಲ್ಲ. ಎಲ್ಲರಿಗೂ ಒಂದೇ ಸಮ ಜಟಿಲವಾದರೆ ಯಾರಿಗೂ ದೂರಿಲ್ಲ.

ಈ ಎಲ್ಲ ಆಟಗಳಲ್ಲಿ ಎಲೆ ಮೂಕ ಎಂಬುದನ್ನು ಗಮನಿಸಬೇಕು. ಇಸ್ಪೀಟಿನ ಗುಲಾಮ ತನ್ನ ಬಗ್ಗೆ ತಾನು ಏನೂ ಹೇಳಿಕೊಳ್ಳುವುದಿಲ್ಲ. ಅವನ ಬೆಲೆ ಆಡುವವರ ಬಾಯಲ್ಲಿದೆ, ರೂಢಿಯಲ್ಲಿದೆ. ಎಲೆಗೇ ಬಾಯಿ ಬಂದು ಅದು ನಿಯಮವನ್ನು ತಿದ್ದತೊಡಗಿದರೆ ಏನಾಗುತ್ತದೆ? ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಹೊರತಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದಲ್ಲಿ ಆದದ್ದು ಇದೇ. ಇಬ್ಬರು ಆಡುತ್ತಾರೆ. ಇಬ್ಬರೂ ಮಾಂತ್ರಿಕರು. ಇಬ್ಬರಿಗೂ ಮೊದಲಿಗೆ ಇಪ್ಪತ್ತು ಜೀವ. ಎದುರಾಳಿಯ ಜೀವವನ್ನು ಸೊನ್ನೆಗೆ ತಂದವನು ಗೆದ್ದ. ಕಾರ್ಡುಗಳು ಮುಚ್ಚಿದ ಪೊಟ್ಟಣದಲ್ಲಿ ಮಾರಾಟವಾಗುತ್ತವೆ, ಒಳಗೆ ಏನಿದೆಯೆಂದು ಒಡೆದ ಮೇಲೆಯೇ ತಿಳಿಯುವುದು. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಪಡೆಯಬಹುದು. ಹೀಗೆ ಕೂಡಿಸಿದ ಕನಿಷ್ಠ ಅರವತ್ತು ಕಾರ್ಡುಗಳ ಸ್ವಂತ ಕಟ್ಟನ್ನು ಪ್ರತಿಯೊಬ್ಬನೂ ತರುತ್ತಾನೆ.

ಹಳೆಯ ಆಟಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿದೆ. ಇಲ್ಲಿ ಕಾರ್ಡಿನ ಮೇಲಿನ ಬರಹಕ್ಕೂ ನಿಯಮ ಪುಸ್ತಕಕ್ಕೂ ಜಗಳ ಬಂದರೆ ಗೆಲ್ಲುವುದು ಕಾರ್ಡು. ಇದು ನಿಯಮ ಪುಸ್ತಕದಲ್ಲೇ ಎಲ್ಲಕ್ಕಿಂತ ಮೊದಲು ಇರುವ ನಿಯಮ. ನನ್ನನ್ನು ಮೀರಬಹುದು ಎಂದು ನಿಯಮವೇ ಮುಂಚಿತವಾಗಿ ಅಪ್ಪಣೆ ಕೊಟ್ಟು ಕೂತಿದೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಭಾಂಜಾ ಒಂದು ಮಳೆಗಾಲದಲ್ಲಿ ಈ ಕಾರ್ಡುಗಳ ಎರಡು ಕಟ್ಟನ್ನು ಕದ್ರಾದ ತಂಗಿಯ ಮನೆಗೆ ತಂದಿದ್ದ. ಕರೆಂಟು ಹುಟ್ಟುವ ಊರಿನಲ್ಲೇ ಕರೆಂಟು ಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೇಣದ ಬತ್ತಿಯ ಮುಂದೆ ಕೂತು ಪಕ್ಕದ ಮನೆಯ ಹುಡುಗನಿಗೆ ಅವನು ಆಟ ಕಲಿಸುತ್ತಿದ್ದ. ಒಂದು ಸರದಿಗೆ ಭೂಮಿಯ ಕಾರ್ಡು ಒಂದೇ ಇಳಿಸಬೇಕು ಎಂದು ಹೇಳಿಕೊಟ್ಟವನು ಸ್ವಲ್ಪ ಹೊತ್ತಿಗೆ ತಾನೇ ಎರಡು ಇಳಿಸಿದ.

“ಒಂದೇ ಅಂದಿದ್ದೆ ನೀನು” ಎಂದು ಹುಡುಗ ಕೈ ಹಿಡಿದ.

“ಈ ಕಾರ್ಡು ಓದು. ಇನ್ನೊಂದು ಇಳಿಸಬಹುದು ಅಂತ ಇದರಲ್ಲೇ ಇದೆ.”

ಹುಡುಗ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದ. ಬರೆದದ್ದು ನಿಜ. “ಹಾಗಾದರೆ ಮೊದಲಿಗೆ ನಿಯಮ ಯಾಕೆ ಹೇಳಿಕೊಟ್ಟೆ?” ಎಂದ. ಭಾಂಜಾ ನನ್ನ ಕಡೆ ತಿರುಗಿ “ಮಾಮೂ, ನೀವೇ ಹೇಳಿ ಇವನಿಗೆ” ಎಂದ.

ಹುಡುಗನ ಪ್ರಶ್ನೆ ಸಣ್ಣದಲ್ಲ. ಮೀರಲಿಕ್ಕೇ ಇರುವುದಾದರೆ ನಿಯಮ ಯಾಕೆ? ಉತ್ತರ ಹೀಗಿರಬಹುದು: ಒಂದೇ ಇಳಿಸಬೇಕೆಂಬ ನಿಯಮ ಇಲ್ಲದಿದ್ದರೆ ಎರಡು ಇಳಿಸುವ ಕಾರ್ಡಿಗೆ ಬೆಲೆಯೇ ಇಲ್ಲ. ಎಲ್ಲರೂ ಎಷ್ಟಾದರೂ ಇಳಿಸಬಹುದಾದ ಕಡೆ ಅದು ಬರೀ ಬಣ್ಣದ ರಟ್ಟು. ವಿನಾಯಿತಿ ಬದುಕುವುದು ನಿಯಮದ ಅನ್ನ ಉಂಡು. ಆದ್ದರಿಂದ ನಿಯಮವನ್ನು ಪೂರ್ತಿ ಕೊಲ್ಲುವ ವಿನಾಯಿತಿ ತನ್ನ ಅನ್ನದ ತಟ್ಟೆಯನ್ನು ತಾನೇ ಒದೆಯುತ್ತದೆ. ಈ ಆಟದ ಕೆಲವು ವಿಚಿತ್ರ ಕಾರ್ಡುಗಳ ಕಥೆ ಕೇಳಿದರೆ ಇದು ತಿಳಿಯುತ್ತದೆ.

ಮೊದಲನೆಯದು ನಮ್ಮದೇ ಮನೆತನದ ಹೆಣ್ಣುಮಗಳು, ಶಹರಜಾದ್. ಅರೇಬಿಯನ್ ನೈಟ್ಸಿನ ಕಥೆಗಳನ್ನು ಆಧರಿಸಿ 1993ರ ಡಿಸೆಂಬರಿನಲ್ಲಿ ಬಂದ ಕಾರ್ಡುಗಳಲ್ಲಿ ಇದೂ ಒಂದು. ಇದನ್ನು ಇಳಿಸಿದರೆ ನಡೆಯುತ್ತಿರುವ ಆಟವನ್ನು ಅಲ್ಲೇ ನಿಲ್ಲಿಸಬೇಕು. ಕೈಗೆ ಬಾರದೆ ಉಳಿದ ಕಾರ್ಡುಗಳಿಂದ ಅದರೊಳಗೆ ಇನ್ನೊಂದು ಆಟ ಆಡಬೇಕು. ಒಳ ಆಟದಲ್ಲಿ ಗೆಲ್ಲದವನು ಹೊರ ಆಟಕ್ಕೆ ಮರಳಿದಾಗ ತನ್ನ ಜೀವದಲ್ಲಿ ಅರ್ಧ ಕಳೆದುಕೊಳ್ಳುತ್ತಾನೆ. ಒಳ ಆಟದಲ್ಲಿ ಇನ್ನೊಂದು ಶಹರಜಾದ್ ಬಂದರೆ? ಅದರೊಳಗೆ ಮತ್ತೊಂದು ಆಟ. ಕಥೆಯೊಳಗೆ ಕಥೆ ಹೆಣೆದು ಬೆಳಗಿನವರೆಗೆ ಸಾವನ್ನು ಮುಂದೂಡಿದ ಹೆಣ್ಣಿಗೆ ಇದಕ್ಕಿಂತ ಚೆಂದದ ಗೌರವವನ್ನು ಯಾವ ಆಟವೂ ಕೊಟ್ಟಿಲ್ಲ. ಕಥೆ ಬರೆಯುವ ನನಗೆ ಇದರ ಮೇಲೆ ವಿಶೇಷ ಮೋಹ.

ಆದರೆ ಪಂದ್ಯಾವಳಿ ನಡೆಸುವವರ ಕಷ್ಟ ಕೇಳಿ. ಒಂದು ಪಂದ್ಯಕ್ಕೆ ಇಂತಿಷ್ಟು ನಿಮಿಷ ಎಂದಿರುತ್ತದೆ. ಒಂದು ಮೇಜಿನಲ್ಲಿ ಆಟದೊಳಗೆ ಆಟ ಹುಟ್ಟುತ್ತಾ ಹೋದರೆ ಉಳಿದ ಮೇಜಿನವರೆಲ್ಲ ಕಾಯುತ್ತಾ ಕೂರಬೇಕು. 2007ರಲ್ಲಿ ಶಹರಜಾದಳನ್ನು ಅಧಿಕೃತ ಪಂದ್ಯಗಳಿಂದ ಹೊರಗಿಟ್ಟರು. ಅವಳು ಅನ್ಯಾಯ ಮಾಡಿದಳೆಂದಲ್ಲ, ಅವಳ ಕಥೆಗೆ ಬೇಕಾದ ರಾತ್ರಿ ಇತರರ ಬಳಿ ಇರಲಿಲ್ಲ. ಮೂಲ ಕಥೆಯ ಶಹರಜಾದಳ ಮುಂದೂಡಿಕೆ ಒಂದು ಜೀವ ಉಳಿಸಲಿಕ್ಕೆ, ಆಮೇಲೆ ನಾಡಿನ ಹೆಣ್ಣುಮಕ್ಕಳನ್ನೆಲ್ಲ ಉಳಿಸಲಿಕ್ಕೆ. ನಮ್ಮ ಕೋರ್ಟು ಕಚೇರಿಗಳಲ್ಲಿ ದಿನಾಂಕದ ಮೇಲೆ ದಿನಾಂಕ ಪಡೆಯುವ ಬಲಾಢ್ಯರ ಮುಂದೂಡಿಕೆ ಅಂಥದ್ದಲ್ಲ. ಅಲ್ಲಿ ಕಾಯುವವರ ಜೀವ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತದೆ.

ಎರಡನೆಯದು ಕೇಯಾಸ್ ಆರ್ಬ್. ಅವ್ಯವಸ್ಥೆಯ ಗೋಲ ಎನ್ನೋಣ. ಇದನ್ನು ಕನಿಷ್ಠ ಒಂದು ಅಡಿ ಎತ್ತರದಿಂದ ಮೇಜಿನ ಮೇಲೆ ಮಗುಚಿ ಬೀಳುವಂತೆ ಎಸೆಯಬೇಕು. ಬಿದ್ದಾಗ ಯಾವ ಯಾವ ಕಾರ್ಡುಗಳನ್ನು ಮುಟ್ಟುತ್ತದೋ ಅವೆಲ್ಲ ನಾಶ. ಇದು ಬಂದ ಮೇಲೆ ಎದುರಾಳಿಗಳು ತಮ್ಮ ಕಾರ್ಡುಗಳನ್ನು ಮೇಜಿನ ತುಂಬ ದೂರ ದೂರ ಹರಡಿಡತೊಡಗಿದರು. ಒಬ್ಬ ಮಹಾಶಯ ತನ್ನ ಕಾರ್ಡನ್ನು ಚೂರು ಚೂರು ಹರಿದು ಮೇಜಿನ ಮೇಲೆಲ್ಲ ಉದುರಿಸಿದನೆಂಬ ಕಥೆಯೂ ಆಟಗಾರರ ನಡುವೆ ಓಡಾಡುತ್ತದೆ. ಕೊನೆಗೆ ಪಂದ್ಯಗಳಲ್ಲಿ ಇದನ್ನೂ ನಿಷೇಧಿಸಿದರು. ಇಲ್ಲಿಯ ಬಿಕ್ಕಟ್ಟು ಬೇರೆ. ಉಳಿದ ಕಾರ್ಡುಗಳು ಬುದ್ಧಿಯ ಆಟದೊಳಗೆ ನಿಯಮ ಮೀರಿದರೆ ಇದು ಆಟದ ಜಾತಿಯನ್ನೇ ಬದಲಿಸಿತು. ಲೆಕ್ಕ ಹಾಕಿ ಕೂತವನನ್ನು ಕೈಚಳಕದವನು ಹೊಡೆದ. ಕೈ ನಡುಗುವವನಿಗೆ, ಅಂಗವೈಕಲ್ಯ ಇರುವವನಿಗೆ ಬುದ್ಧಿಯಿದ್ದೂ ಜಾಗವಿಲ್ಲದಾಯಿತು.

ಮೂರನೆಯ ಕಾರ್ಡಿನ ಹೆಸರು ಹ್ಯುಮಿಲಿಟಿ. ಕನ್ನಡದಲ್ಲಿ ವಿನಯ. 1997ರಲ್ಲಿ ಬಂದದ್ದು. ಮೇಜಿನ ಮೇಲಿರುವ ಜೀವಿಗಳೆಲ್ಲ, ಅವು ಡ್ರ್ಯಾಗನ್ ಆಗಿರಲಿ ದೇವದೂತರಾಗಿರಲಿ, ತಮ್ಮ ವಿಶೇಷ ಶಕ್ತಿಗಳನ್ನೆಲ್ಲ ಕಳೆದುಕೊಂಡು ಒಂದಂಕದ ಬಲ, ಒಂದಂಕದ ತಾಳಿಕೆಯ ಸಾಮಾನ್ಯ ಜೀವಿಗಳಾಗಬೇಕು ಎನ್ನುತ್ತದೆ ಇದು. ಎಲ್ಲರನ್ನೂ ಸಮ ಮಾಡುವ ಕಾರ್ಡು. ಎರಡು ವರ್ಷಗಳ ನಂತರ ಓಪಲೆಸೆನ್ಸ್ ಎಂಬ ಇನ್ನೊಂದು ಕಾರ್ಡು ಬಂತು. ಜೀವಿಗಳಲ್ಲದ ಮಂತ್ರಗಳನ್ನೂ ಅದು ಜೀವಿಗಳನ್ನಾಗಿ ಮಾಡುತ್ತದೆ. ಎರಡೂ ಒಟ್ಟಿಗೆ ಬಂದರೆ? ವಿನಯವೂ ಒಂದು ಜೀವಿಯಾಯಿತು. ಜೀವಿಗಳೆಲ್ಲ ಶಕ್ತಿ ಕಳೆದುಕೊಳ್ಳಬೇಕೆಂಬ ಅದರ ಆಜ್ಞೆ ಅದಕ್ಕೇ ಬಡಿಯಿತು. ಶಕ್ತಿ ಕಳೆದುಕೊಂಡ ಮೇಲೆ ಅದರ ಆಜ್ಞೆಗೆ ಬೆಲೆ ಉಂಟೇ? ಇಲ್ಲವೆಂದರೆ ಅದರ ಶಕ್ತಿ ಅದಕ್ಕೆ ಮರಳಿ ಬಂತು. ಬಂದರೆ ಮತ್ತೆ ಹೋಯಿತು. ವಿನಯ ತನ್ನನ್ನು ತಾನು ವಿನಯಗೊಳಿಸಿಕೊಳ್ಳಬಲ್ಲದೇ? ಸೂಫಿಗಳು ತಲೆ ಕೆಡಿಸಿಕೊಂಡ ಪ್ರಶ್ನೆ ಇದು. ನಾನೆಷ್ಟು ವಿನಯವಂತ ಎಂದು ತಿಳಿದ ಗಳಿಗೆಯಲ್ಲೇ ವಿನಯ ಜಾರಿಹೋಗುತ್ತದೆ.

ನಿಯಮ ಬರೆಯುವವರು ತತ್ವಶಾಸ್ತ್ರ ಮಾಡುತ್ತಾ ಕೂರಲಾಗದು, ತೀರ್ಪು ಕೊಡಬೇಕು. ಅವರು ಕಾರ್ಡುಗಳ ಪರಿಣಾಮವನ್ನು ಏಳು ಪದರಗಳಾಗಿ ವಿಂಗಡಿಸಿದರು. ಯಾವುದು ಯಾವ ಜಾತಿಯದು ಎಂಬುದು ಮೊದಲು ತೀರ್ಮಾನವಾಗಬೇಕು, ಶಕ್ತಿ ಹೋಗುವುದು ಬರುವುದು ಆಮೇಲೆ, ಬಲದ ಅಂಕ ಕೊನೆಗೆ. ಒಂದು ಪದರದಲ್ಲಿ ಕೆಲಸ ಶುರುಮಾಡಿದ ಆಜ್ಞೆ, ನಡುವೆ ಅದರ ಮೂಲ ಶಕ್ತಿ ಕಳೆದುಹೋದರೂ, ಉಳಿದ ಪದರಗಳಲ್ಲಿ ಮುಂದುವರಿಯುತ್ತದೆ. ಒಂದೇ ಪದರದಲ್ಲಿ ಎರಡು ಆಜ್ಞೆಗಳು ಡಿಕ್ಕಿಯಾದರೆ ಸಾಮಾನ್ಯವಾಗಿ ನಂತರ ಬಂದದ್ದು ನಿಲ್ಲುತ್ತದೆ. ಇಂಥ ತೀರ್ಪುಗಳು ಸೇರಿ ಸೇರಿ ಇವತ್ತು ಈ ಆಟದ ಪೂರ್ಣ ನಿಯಮಾವಳಿ ಇನ್ನೂರೈವತ್ತು ಪುಟಗಳನ್ನು ದಾಟಿದೆ. ಈ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದರೆ ಆಟವೇ ಒಂದು ಗಣಕಯಂತ್ರದಂತೆ ಕೆಲಸ ಮಾಡಬಲ್ಲದೆಂದೂ, ಅಂಥ ಸ್ಥಿತಿಯಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವ ಖಚಿತ ಲೆಕ್ಕವೇ ಸಾಧ್ಯವಿಲ್ಲವೆಂದೂ 2019ರಲ್ಲಿ ಸಂಶೋಧಕರು ತೋರಿಸಿದರು.

ನಮ್ಮ ನೆಲದವರಿಗೆ ಇದು ಹೊಸತಲ್ಲ. ಪಾಣಿನಿಯ ವ್ಯಾಕರಣ ಪರಂಪರೆಯಲ್ಲಿ ಸಾಮಾನ್ಯ ಸೂತ್ರಕ್ಕೆ ಉತ್ಸರ್ಗ ಎಂದೂ ವಿಶೇಷ ಸೂತ್ರಕ್ಕೆ ಅಪವಾದ ಎಂದೂ ಹೆಸರು. ಅಪವಾದದ ಜಾಗವನ್ನು ಮೊದಲು ಬಿಟ್ಟುಕೊಟ್ಟು ಉಳಿದ ಜಾಗವನ್ನೆಲ್ಲ ಉತ್ಸರ್ಗ ಆಳಬೇಕು. ಸಮಬಲದ ಎರಡು ಸೂತ್ರಗಳು ಎದುರುಬದುರಾದರೆ ನಂತರದ್ದು ಗೆಲ್ಲಬೇಕೆಂದು ಪಾಣಿನಿಯೇ ಹೇಳಿಟ್ಟಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಭಾಷೆಗಾಗಿ ಮಾಡಿದ ಏರ್ಪಾಡನ್ನು ಕಾರ್ಡಿನ ಆಟದವರು ತಮ್ಮ ದಾರಿಯಲ್ಲಿ ನಡೆದು ಮತ್ತೆ ಕಂಡುಕೊಂಡರು. ಫಿಖ್ಹ್ ಪಂಡಿತರೂ ಇದೇ ಗಂಟನ್ನು ಬಿಡಿಸಿದ್ದಾರೆ. ಜೀವಕ್ಕೆ ಅನಿವಾರ್ಯವಾದಾಗ ನಿಷೇಧಿಸಿದ್ದಕ್ಕೂ ಅನುಮತಿ ಉಂಟು ಎಂಬ ಸೂತ್ರ ಹಲವರಿಗೆ ಗೊತ್ತು. ಹಸಿವಿನಿಂದ ಸಾಯುವವನು ಹರಾಮಾದದ್ದನ್ನೂ ತಿಂದು ಬದುಕಬಹುದು. ಅದರ ಬೆನ್ನಿಗೇ ಇರುವ ಇನ್ನೊಂದು ಸೂತ್ರವನ್ನು ನಾವು ಮರೆಯುತ್ತೇವೆ: ಅನಿವಾರ್ಯ ಎಷ್ಟೋ ಅನುಮತಿಯೂ ಅಷ್ಟೇ. ಜೀವ ಉಳಿಯುವಷ್ಟು ತಿನ್ನಬಹುದು, ಹೊಟ್ಟೆ ತುಂಬ ಉಂಡು ಬುತ್ತಿ ಕಟ್ಟಿಕೊಳ್ಳುವಂತಿಲ್ಲ. ಒಟ್ಟೊಮನ್ನರ ಕಾಲದ ಮಜಲ್ಲಾ ಎಂಬ ಕಾನೂನು ಸಂಹಿತೆಯಲ್ಲಿ ಈ ಎರಡೂ ಸೂತ್ರಗಳು ಒಂದರ ಕೆಳಗೊಂದು ಇವೆ. ಒಂದನ್ನು ಓದಿದವನ ಕಣ್ಣಿಗೆ ಇನ್ನೊಂದು ಬೀಳದಿರಲು ಸಾಧ್ಯವಿಲ್ಲ.

ಹಾಗಾದರೆ ವಿನಾಯಿತಿ ನ್ಯಾಯವಾಗಲು ಏನು ಬೇಕು? ಅದು ಮುಂಚೆಯೇ ಬರೆದಿರಬೇಕು. ಎದುರು ಕೂತವನು ಅದನ್ನು ಕೈಗೆತ್ತಿಕೊಂಡು ಓದುವಂತಿರಬೇಕು, ಪಕ್ಕದ ಮನೆಯ ಹುಡುಗ ಮೇಣದ ಬತ್ತಿಯ ಬೆಳಕಿನಲ್ಲಿ ಓದಿದ ಹಾಗೆ. ಅದಕ್ಕೊಂದು ಅಳತೆ, ಒಂದು ಕೊನೆ ಇರಬೇಕು. ಅಗತ್ಯ ಬಿದ್ದರೆ ಅದನ್ನು ಹಿಡಿದವನನ್ನೂ ಅದು ಕಟ್ಟಿಹಾಕಬೇಕು, ವಿನಯದ ಕಾರ್ಡು ತನ್ನನ್ನೂ ಬಿಡದ ಹಾಗೆ.

ಇಷ್ಟಿದ್ದರೂ ಒಂದು ತೊಡಕು ಉಳಿಯುತ್ತದೆ. ಕಾರ್ಡು ಯಾರ ಕೈಯಲ್ಲಿದೆ? ಜನ ಒಂದೆರಡು ಪೊಟ್ಟಣ ಕೊಂಡು ಆಡುತ್ತಾರೆ, ಬಲವಾದ ಕಾರ್ಡುಗಳು ಊರಿಗೊಂದು ಎರಡು ಇರುತ್ತವೆ ಎಂದು ಗಾರ್ಫೀಲ್ಡ್ ಎಣಿಸಿದ್ದ. ಕೊಳ್ಳುವ ಶಕ್ತಿ ಇದ್ದವರು ಪೆಟ್ಟಿಗೆಗಟ್ಟಲೆ ಕೊಂಡರು. ಮೊದಲಿಗೆ ಒಂದೇ ಕಾರ್ಡಿನ ಎಷ್ಟು ಪ್ರತಿ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಆಮೇಲೆ ನಾಲ್ಕೇ ಎಂದರು, ತೀರಾ ಬಲವಾದವು ಒಂದೇ ಎಂದರು. ಆರಂಭದಲ್ಲಿ ಪ್ರತಿ ಆಟಕ್ಕೂ ಒಂದೊಂದು ಕಾರ್ಡನ್ನು ಪಣವಾಗಿ ಇಡುವ ಕ್ರಮವೂ ಇತ್ತು. ಅದು ಜೂಜಿನ ಕಡೆ ವಾಲುತ್ತದೆಂದು ಕೈಬಿಟ್ಟರು. ಆದರೂ ಹಣದ ಮಾತು ಮುಗಿಯಲಿಲ್ಲ. 1993ರ ಬ್ಲ್ಯಾಕ್ ಲೋಟಸ್ ಎಂಬ ಕಾರ್ಡಿನ ಒಂದು ಪ್ರತಿ 2021ರಲ್ಲಿ 5,11,100 ಡಾಲರಿಗೆ ಮಾರಾಟವಾಯಿತು. ನಿಯಮ ಎಲ್ಲರಿಗೂ ಉಚಿತ, ನಿಯಮ ಮೀರುವ ಹಕ್ಕಿಗೆ ಮಾತ್ರ ಬೆಲೆ. ಇಸ್ಪೀಟಿನ ಗುಲಾಮ ಬಡವನ ಕೈಗೂ ಬರುತ್ತಿದ್ದ. ಈ ಕಾರ್ಡು ಬರುವುದಿಲ್ಲ.

ಇದನ್ನು ಕಾರವಾರ, ಅಂಕೋಲಾ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಳಿಯ ಅಣೆಕಟ್ಟೆಗಳು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಒಂದಾದ ಮೇಲೊಂದು ಯೋಜನೆಗಳಿಗೆ ನೆಲ ಬಿಟ್ಟವರು ಇಲ್ಲಿಯ ಜನ. ನೆಲವನ್ನು ಸ್ವಾಧೀನ ಮಾಡಿಕೊಳ್ಳಲು ನಮ್ಮಲ್ಲಿ ಬಹುಕಾಲ ಇದ್ದದ್ದು 1894ರ ಕಾನೂನು. ನೆಲದ ಒಡೆಯನ ಆಕ್ಷೇಪಣೆ ಕೇಳಬೇಕು ಎಂಬ ನಿಯಮ ಅದರಲ್ಲಿ 1923ರ ತಿದ್ದುಪಡಿಯಿಂದ ಸೇರಿತು. ಆದರೆ ಅದೇ ಕಾನೂನಿನ 17ನೆಯ ಕಲಮು ಒಂದು ವಿಚಿತ್ರ ಕಾರ್ಡು. ತುರ್ತು ಎಂದು ಸರ್ಕಾರ ಹೇಳಿದರೆ ಆಕ್ಷೇಪಣೆ ಕೇಳುವ ವಿಚಾರಣೆಯನ್ನೇ ಬಿಟ್ಟುಬಿಡಬಹುದು. ಮೇಜಿನ ಎರಡು ಕಡೆ ಕೂತವರಲ್ಲಿ ಈ ಕಾರ್ಡು ಒಬ್ಬನ ಕೈಗೆ ಮಾತ್ರ ಬರುತ್ತಿತ್ತು. ತುರ್ತಿಗೆ ಅಳತೆ ಇರಲಿಲ್ಲ. ದೇಶದ ಬೇರೆ ಬೇರೆ ಕಡೆ ಇದರ ಬಳಕೆ ಎಷ್ಟು ಬೆಳೆಯಿತೆಂದರೆ ಸುಪ್ರೀಂ ಕೋರ್ಟು ಹಲವು ಪ್ರಕರಣಗಳಲ್ಲಿ ಇಂಥ ಸ್ವಾಧೀನವನ್ನು ರದ್ದುಮಾಡಬೇಕಾಯಿತು. 2013ರ ಹೊಸ ಕಾನೂನು ತುರ್ತಿನ ಬಾಗಿಲನ್ನು ಕಿರಿದು ಮಾಡಿತು. ದೇಶದ ರಕ್ಷಣೆ, ಭದ್ರತೆ, ನೈಸರ್ಗಿಕ ವಿಕೋಪ, ಇಲ್ಲವೇ ಸಂಸತ್ತು ಒಪ್ಪಿದ ಬೇರೆ ತುರ್ತು, ಇಷ್ಟಕ್ಕೆ ಮಾತ್ರ. ಅನಿವಾರ್ಯ ಎಷ್ಟೋ ಅನುಮತಿಯೂ ಅಷ್ಟೇ ಎಂಬ ಹಳೆಯ ಮಾತು ಮತ್ತೊಂದು ದಾರಿಯಿಂದ ಕಾನೂನಿನೊಳಕ್ಕೆ ಬಂತು. ಅಷ್ಟರಲ್ಲಿ ಎಷ್ಟೋ ಜನ ಆಟ ಬಿಟ್ಟು ಎದ್ದಾಗಿತ್ತು.

ಕದ್ರಾ ಅಣೆಕಟ್ಟೆಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ದಾಟಿ ಬಂದ ನೀರಿಗೆ ಕದ್ರಾ ಕೊನೆಯ ತಡೆ. ಇದರ ಪೂರ್ಣ ಮಟ್ಟ 34.50 ಮೀಟರ್. ನೀರು ಹೆಚ್ಚಿದ್ದಷ್ಟು ವಿದ್ಯುತ್ತಿಗೆ ಒಳ್ಳೆಯದು ಎಂಬುದು ಸಾಮಾನ್ಯ ಲೆಕ್ಕ. 2019ರ ಆಗಸ್ಟಿನ ಮಳೆ ಆ ಲೆಕ್ಕದೊಳಗೆ ಇರದ ಎಲೆ. ಗೇಟು ತೆರೆದು ಬಿಟ್ಟ ನೀರು ಕೆಳಗಿನ ಊರುಗಳ ಮನೆಗಳಿಗೆ ನುಗ್ಗಿತು. ಗೇಟು ತೆರೆಯದೆ ವಿಧಿಯಿರಲಿಲ್ಲ, ಅಣೆಕಟ್ಟೆ ಉಳಿಯಬೇಕಿತ್ತು. ಆದರೆ ಆ ವಿನಾಯಿತಿಯ ಬೆಲೆ ತೆತ್ತವರು ಆಟದ ನಿಯಮ ಬರೆಯುವಾಗ ಮೇಜಿನ ಹತ್ತಿರ ಇರದಿದ್ದವರು. ಆ ಮೇಲೆ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ, ಬರುವ ನೀರಿಗೆ ಜಾಗ ಬಿಟ್ಟು, ಕೆಳಮಟ್ಟದಲ್ಲೇ ಹಿಡಿಯುವ ಕ್ರಮ ಬಂತು. ವಿಚಿತ್ರ ಎಲೆಯೊಂದು ಬಂದಾಗ ಅದನ್ನು ಬೈದು ಸುಮ್ಮನಾಗದೆ ನಿಯಮವೇ ಕಲಿತುಕೊಳ್ಳಬೇಕಾದ ರೀತಿ ಇದು.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತು ನಮ್ಮಲ್ಲಿದೆ. ದೊಡ್ಡವರ ಬಾಯಲ್ಲಿ ಅದು ಅವಮಾನ. ಮಕ್ಕಳ ಆಟದಲ್ಲಿ ಅದೇ ಮಾತಿಗೆ ಬೇರೆ ರುಚಿ. ಅಕ್ಕನ ಜೊತೆ ಬಂದ ಪುಟ್ಟ ತಮ್ಮನೂ ಆಡುತ್ತೇನೆ ಎಂದು ಹಟ ಹಿಡಿಯುತ್ತಾನೆ. ಓಡಲು ಬಾರದು, ಮೊದಲ ಸಲಕ್ಕೇ ಸಿಕ್ಕಿಬೀಳುತ್ತಾನೆ. ಮಕ್ಕಳು ತಮ್ಮತಮ್ಮಲ್ಲೇ ಒಂದು ಕಾರ್ಡು ಬರೆಯುತ್ತಾರೆ: ಇವನು ಔಟಾದರೂ ಔಟಲ್ಲ. ಯಾರೂ ತಕರಾರು ಮಾಡುವುದಿಲ್ಲ. ಅವನು ಗೆಲ್ಲುವುದಕ್ಕಲ್ಲ, ಆಟದೊಳಗೆ ಇರುವುದಕ್ಕೆ ಕೊಟ್ಟ ಕಾರ್ಡು ಅದು. ಅವನು ಓಡಲು ಕಲಿತ ದಿನ ಅದು ತಾನಾಗಿಯೇ ರದ್ದು.

ವಿನಾಯಿತಿಯ ನ್ಯಾಯಾನ್ಯಾಯವನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಕೋಲು ಸಿಕ್ಕಿಲ್ಲ. ಕುಂಟುವವನಿಗೆ, ತಡವಾಗಿ ಶಾಲೆಯ ಮೆಟ್ಟಿಲು ಹತ್ತಿದವರ ಮಕ್ಕಳಿಗೆ, ನೆಲ ಕಳೆದುಕೊಂಡವನಿಗೆ ಕೊಡುವ ವಿನಾಯಿತಿಯನ್ನು ಕಂಡು ನಿಯಮ ಹಾಳಾಯಿತು ಎಂದು ಕೂಗುವವರಿದ್ದಾರೆ. ತುರ್ತಿನ ಹೆಸರಲ್ಲಿ, ಹಣದ ಬಲದಲ್ಲಿ, ಮುಂದೂಡಿಕೆಯ ಮೇಲೆ ಮುಂದೂಡಿಕೆ ಪಡೆದು ನಿಯಮ ಮೀರುವವರ ಬಗ್ಗೆ ಅವರಿಗೆ ಮಾತೇ ಹೊರಡುವುದಿಲ್ಲ. ಎರಡೂ ವಿನಾಯಿತಿಯೇ, ಆದರೆ ಒಂದೇ ಜಾತಿಯವಲ್ಲ. ಒಂದು ಹೊರಗಿದ್ದವನನ್ನು ಆಟದೊಳಗೆ ಕರೆಯುತ್ತದೆ. ಇನ್ನೊಂದು ಒಳಗಿದ್ದವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡುತ್ತದೆ. ಯಾರಾದರೂ ನಿಯಮ ಮೀರುವ ಎಲೆ ಹಿಡಿದು ಬಂದಾಗ ಮೊದಲು ಅದನ್ನು ಕೇಳಿ ಪಡೆದು ಪೂರ್ತಿ ಓದಬೇಕು. ಓದಲು ಕೊಡದಿದ್ದರೆ ಅದು ಆಟದ ಎಲೆಯಲ್ಲ ಎಂದು ತಿಳಿಯಬೇಕು.